ಪ್ರಮಾಣಪತ್ರವೂ ಪ್ರಾಮಾಣಿಕತೆಯೂ

ಗಣಕಯಂತ್ರ ಕ್ಷೇತ್ರದಲ್ಲಿ ಉದ್ಯೋಗ ಬಯಸುವ ತರುಣರಿಗೆ ಪದವಿಯೊಡನೆ ಮೈಕ್ರೋಸಾಫ್ಟ್, ಸಿಸ್ಕೋ ಮೊದಲಾದ ಸಂಸ್ಥೆಗಳ ಪ್ರಮಾಣಪತ್ರವೂ ಆಸರೆಯಾಗಿದೆ. ಆದರೆ ಪರೀಕ್ಷೆ ಬರೆದವರು ನೆನಪಿಟ್ಟು ತಂದ ಪ್ರಶ್ನೆಗಳನ್ನು ಹಣಕ್ಕೆ ಮಾರುವ ‘ಬ್ರೈನ್ ಡಂಪ್’ ವ್ಯಾಪಾರವೂ ಅದರ ನೆರಳಿನಲ್ಲೇ ಬೆಳೆದಿದೆ. ಉತ್ತರಗಳನ್ನು ಉರುಹೊಡೆದು ತೇರ್ಗಡೆಯಾದವನು, ಆಸ್ಪತ್ರೆಯ ಗಣಕಜಾಲ ಕೆಟ್ಟು ನಿಂತಾಗ ಏನು ಮಾಡಿಯಾನು? ಇಂಥವರಿಂದಲೇ 1990ರ ದಶಕದಲ್ಲಿ ‘ಕಾಗದದ ಎಂ.ಸಿ.ಎಸ್.ಇ.’ ಎಂಬ ಮೂದಲಿಕೆ ಹುಟ್ಟಿತು.

ಸಿಸ್ಕೋ 1993ರಲ್ಲಿ ಆರಂಭಿಸಿದ ಸಿ.ಸಿ.ಐ.ಇ. ಪ್ರಮಾಣಪತ್ರಕ್ಕೆ ಲಿಖಿತ ಪರೀಕ್ಷೆಯಷ್ಟೇ ಸಾಲದು. 8 ಗಂಟೆಗಳ ಪ್ರಯೋಗ ಪರೀಕ್ಷೆಯಲ್ಲಿ ಗಣಕಜಾಲವನ್ನು ಅಣಿಗೊಳಿಸಿ, ದೋಷ ತಿದ್ದಿ ತೋರಿಸಬೇಕು. ಮೋಸ ಹೊರಬಿದ್ದರೆ ಪಡೆದ ಪತ್ರವೂ ರದ್ದಾಗಬಹುದು.

ಇದರಲ್ಲಿ ನಿಜವಾಗಿ ನೊಂದವನು ನಿದ್ದೆಗೆಟ್ಟು ಓದಿದ ಪ್ರಾಮಾಣಿಕನು. ಅವನ ಪತ್ರದ ಬೆಲೆಯೂ ಕುಗ್ಗುತ್ತದೆ. ಆದುದರಿಂದ ತಾಯಿತಂದೆಯರು ಮಕ್ಕಳನ್ನು ‘ಪಾಸಾದೆಯಾ?’ ಎನ್ನುವ ಮುನ್ನ ‘ಕಲಿತೆಯಾ?’ ಎಂದು ಕೇಳಲಿ.