ಗುಲ್ಮಾರ್ಗ್‌ಗೆ ಒಬ್ಬರೇ, ಇಳಿಜಾರಿಗೆ ಜೊತೆಯಾಗಿ

ಹಿಮವನ್ನೇ ಕಾಣದ ಕೊಡಗಿನಿಂದ ಬಂದ ಭವಾನಿ ತೆಕ್ಕಡ ನಂಜುಂಡ 2024ರ ಫೆಬ್ರುವರಿಯಲ್ಲಿ ಗುಲ್ಮಾರ್ಗ್‌ನ ಖೇಲೊ ಇಂಡಿಯಾ ಚಳಿಗಾಲದ ಕ್ರೀಡಾಕೂಟದಲ್ಲಿ ನಾರ್ಡಿಕ್ ಸ್ಕೀಯಿಂಗ್‌ನ ಚಿನ್ನ ಗೆದ್ದರು. ಅಂಥ ಸಾಧನೆ ಕಂಡು ಕರ್ನಾಟಕದಿಂದ ಒಬ್ಬರೇ ಸ್ಕೀಯಿಂಗ್‌ಗೆ ಹೊರಡುವ ಆಸೆ ಯಾರಿಗಾದರೂ ಚಿಗುರಿದರೆ ಆಶ್ಚರ್ಯವಿಲ್ಲ. ಹೊರಡಲಿ. ಆದರೆ ವಿಮಾನದ ಟಿಕೆಟ್‌ಗಿಂತ ಮೊದಲು ಹಿಮದ ಲೆಕ್ಕ ಹಾಕಬೇಕು.

ಕಾಶ್ಮೀರಿಗಳು ಚಿಲ್ಲಾಯ್ ಕಲಾನ್ ಎನ್ನುವ ಕಡುಚಳಿಯ 40 ದಿನಗಳು ಡಿಸೆಂಬರ್ 21ಕ್ಕೆ ಆರಂಭವಾಗುತ್ತವೆ. ಅದನ್ನೇ ನೆಚ್ಚಿ 2024ರ ಜನವರಿಯಲ್ಲಿ ಹೋದವರಿಗೆ ಸಿಕ್ಕಿದ್ದು ಬೋಳು ಇಳಿಜಾರು. ಹಿಮ ಸುರಿದದ್ದು ತಿಂಗಳ ಕೊನೆಗೆ. ಫೆಬ್ರುವರಿ ವಾಸಿ, ದಿನಾಂಕ ಬದಲಿಸಲು ಬರುವ ಟಿಕೆಟ್ ಇನ್ನೂ ವಾಸಿ.

ಶ್ರೀನಗರದಿಂದ ಗುಲ್ಮಾರ್ಗ್ ಸುಮಾರು 50 ಕಿ.ಮೀ. ಹಿಮ ಬಿದ್ದರೆ ದಾರಿಯಲ್ಲಿ ಸಿಗುವ ತಂಗ್‌ಮಾರ್ಗ್‌ನಿಂದ ಮೇಲಕ್ಕೆ ಚಕ್ರಕ್ಕೆ ಸರಪಳಿ ಬಿಗಿದ ವಾಹನವೇ ಬೇಕು. ಹೊರರಾಜ್ಯದ ಪ್ರೀಪೇಯ್ಡ್ ಸಿಮ್ ಅಲ್ಲಿ ನಡೆಯುವುದಿಲ್ಲ. ಒಂಟಿ ಪ್ರಯಾಣಿಕರಿಗೆ ಇದು ಸಣ್ಣ ಸಂಗತಿಯಲ್ಲ, ಪೋಸ್ಟ್‌ಪೇಯ್ಡ್ ಇರಲಿ.

ಹೊಸಬರಿಗೆ ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಸ್ಕೀಯಿಂಗ್ ಮತ್ತು ಪರ್ವತಾರೋಹಣ ಸಂಸ್ಥೆ ಅಲ್ಲೇ ತರಬೇತಿ ಕೊಡುತ್ತದೆ. ಒಬ್ಬರೇ ಬಂದವರಿಗೆ ತರಗತಿಯಲ್ಲಿ ಜೊತೆಗಾರರೂ ಸಿಗುತ್ತಾರೆ. ಸ್ಕೀ, ಬೂಟು, ಸ್ನೋಬೋರ್ಡ್ ಬಾಡಿಗೆಗೆ ದೊರೆಯುತ್ತವೆ.

ನಿಜವಾದ ಎಚ್ಚರ ಬೇಕಿರುವುದು ಇನ್ನೂ ಮೇಲೆ. ಗೊಂಡೊಲಾ ಎನ್ನುವ ಕೇಬಲ್ ಕಾರಿನ ಮೊದಲ ಹಂತ ಕೊಂಗ್‌ಡೂರಿಗೆ, ಎರಡನೆಯದು ಅಫರ್‌ವಾತ್ ಬೆಟ್ಟದ ಹೆಗಲಿಗೆ, ಹೆಚ್ಚುಕಡಿಮೆ 3,950 ಮೀಟರ್ ಎತ್ತರಕ್ಕೆ ಒಯ್ಯುತ್ತದೆ. ಅಲ್ಲಿಂದ ಸ್ಕೀ ಗಸ್ತಿನ ಎಲ್ಲೆ ದಾಟಿದರೆ ಹಿಮಕುಸಿತದ ಸೀಮೆ. 2023ರ ಫೆಬ್ರುವರಿ 1ರಂದು ಅಫರ್‌ವಾತ್‌ನಲ್ಲಿ ಪೋಲೆಂಡಿನ ಇಬ್ಬರು ಸತ್ತರು. ಮರುವರ್ಷ, ಕ್ರೀಡಾಕೂಟ ನಡೆಯುತ್ತಿದ್ದ ದಿನಗಳಲ್ಲೇ, ರಷ್ಯಾದ ಒಬ್ಬ ಸ್ಕೀಯರ್ ಹಿಮದಡಿ ಸಿಲುಕಿ ತೀರಿಕೊಂಡರು. ಇವರಾರೂ ಬೆಟ್ಟಕ್ಕೆ ಒಬ್ಬರೇ ಹೋದವರಲ್ಲ. ತಂಡವಿದ್ದವರ ಗತಿಯೇ ಹೀಗಾದರೆ ಒಂಟಿಯಾದವರ ಪಾಡೇನು?

ಹಿಮದಡಿ ಹೂತವರನ್ನು ಮೊದಲ 10–15 ನಿಮಿಷದೊಳಗೆ ಅಗೆದು ತೆಗೆದರೆ ಉಳಿಯುವ ಸಾಧ್ಯತೆ ಹೆಚ್ಚು. ಆಮೇಲೆ ಅದು ಸರ್ರನೆ ಕುಸಿಯುತ್ತದೆ. ಮೈಗೆ ಕಟ್ಟಿಕೊಂಡ ಬೀಕನ್ ಸಂಕೇತ ಕಳಿಸುತ್ತಲೇ ಇರುತ್ತದೆ, ನಿಜ. ಆ ಸಂಕೇತ ಹಿಡಿಯಲು ಇನ್ನೊಂದು ಬೀಕನ್, ಚುಚ್ಚಿ ನೋಡಲು ಉದ್ದನೆಯ ಸಲಾಕೆ, ಅಗೆಯಲು ಸಲಿಕೆ ಹಿಡಿದವರು ಪಕ್ಕದಲ್ಲೇ ಇರಬೇಕು. ಊರಿನಿಂದ ರಕ್ಷಣಾ ತಂಡ ಹತ್ತಿ ಬರುವಷ್ಟರಲ್ಲಿ ಆ ನಿಮಿಷಗಳು ಮುಗಿದಿರುತ್ತವೆ.

ಹಾಗಾಗಿ ಖರ್ಚಿನ ಪಟ್ಟಿಯಲ್ಲಿ ಹೋಟೆಲಿಗಿಂತ ಮೇಲೆ ಸ್ಥಳೀಯ ಗೈಡ್‌ನ ಶುಲ್ಕ ಬರೆಯಬೇಕು. ವಿಮೆ ಕೊಳ್ಳುವಾಗ ಎಲ್ಲೆಯಾಚೆಯ ಸ್ಕೀಯಿಂಗ್‌ಗೂ ರಕ್ಷಣೆಯಿದೆಯೇ ಎಂದು ಷರತ್ತುಗಳಲ್ಲಿ ಹುಡುಕಬೇಕು. ಗೈಡ್ ಗೊತ್ತುಮಾಡುವ ಮೊದಲು ಎರಡು ಮಾತು ಕೇಳಲೇಬೇಕು: ಇವತ್ತು ಯಾವ ಇಳಿಜಾರು ಅಪಾಯದ್ದು, ಮೇಲೆ ಹೋಗುವ ಮುನ್ನ ಬೀಕನ್ ಹುಡುಕುವ ಅಭ್ಯಾಸ ಮಾಡಿಸುತ್ತೀರಾ?