ದುಡಿಯಲು ಗೋವಾಕ್ಕೆ ಹೊರಟವರಿಗೆ: ಸೆಕೆಯ ಬಗ್ಗೆ ಎಚ್ಚರವಿರಲಿ

ನಮ್ಮ ಭಾಗದಿಂದ ಅನೇಕರು ಕೂಲಿ ಕೆಲಸಕ್ಕೆ ಗೋವಾಕ್ಕೆ ಹೋಗುತ್ತಾರೆ. ‘ಗೋಕಾಕದ ಬಿಸಿಲು ಕಂಡವರಿಗೆ ಅಲ್ಲಿಯದೇನು ಮಹಾ’ ಎನ್ನಬೇಡಿ. ನಮ್ಮ ಬೇಸಿಗೆಯದು ಒಣಗಾಳಿ. ಬೆವರು ಬೇಗ ಆರಿ ಮೈ ತಂಪಾಗುತ್ತದೆ. ಸಮುದ್ರ ದಂಡೆಯ ಗಾಳಿಯಲ್ಲಿ ತೇವ ಹೆಚ್ಚು. ಬೆವರು ಸುರಿದರೂ ಆರದು, ಮೈಯ ಕಾವು ಇಳಿಯದು. ಆದ್ದರಿಂದ 34 ಡಿಗ್ರಿಯಲ್ಲೂ ಅಪಾಯವಿದೆ.

ಹೊಸ ಹವೆಗೆ ದೇಹ ಹೊಂದಿಕೊಳ್ಳಲು 1ರಿಂದ 2 ವಾರ ಬೇಕು. ಅಲ್ಲಿಯವರೆಗೆ:

* ಭಾರದ ಕೆಲಸ ಮೊದಲು ಕಡಿಮೆ ಮಾಡಿ, ದಿನದಿಂದ ದಿನಕ್ಕೆ ಹೆಚ್ಚಿಸಿ. ಮೇಸ್ತ್ರಿಗೆ ಮೊದಲೇ ತಿಳಿಸಿ.
* ಬಾಯಾರಿಕೆಗೆ ಕಾಯದೆ 20 ನಿಮಿಷಕ್ಕೊಮ್ಮೆ ಒಂದು ಲೋಟ ನೀರು ಕುಡಿಯಿರಿ. ಊಟದಲ್ಲಿ ಮಜ್ಜಿಗೆ ಇರಲಿ.
* ಸಡಿಲವಾದ ಹತ್ತಿ ಬಟ್ಟೆ ಧರಿಸಿ.
* ಬಿ.ಪಿ., ಹೃದಯ, ಮೂತ್ರಪಿಂಡದ ತೊಂದರೆ ಇದ್ದವರು ನೀರು, ಉಪ್ಪು, ಗುಳಿಗೆಗಳ ಬಗ್ಗೆ ಹೊರಡುವ ಮುಂಚೆ ಡಾಕ್ಟರರನ್ನು ಕೇಳಿ. ಗುಳಿಗೆ ತಾವಾಗಿ ಬಿಡಬೇಡಿ.

ತಲೆಸುತ್ತು, ವಾಕರಿಕೆ, ಸ್ನಾಯು ಸೆಳೆತ ಬಂದರೆ ಕೆಲಸ ನಿಲ್ಲಿಸಿ ನೆರಳಿಗೆ ಬನ್ನಿ. ಅರ್ಧ ದಿನದ ಕೂಲಿಗಿಂತ ಜೀವ ದೊಡ್ಡದು.

ಜೊತೆಗಾರರು ತೊದಲಿದರೆ, ಏನೇನೋ ಮಾತನಾಡಿದರೆ ಅಥವಾ ಎಚ್ಚರ ತಪ್ಪಿದರೆ, ಮೈ ಬೆವರುತ್ತಿದ್ದರೂ ತಡಮಾಡಬೇಡಿ. 108ಕ್ಕೆ ಫೋನ್ ಮಾಡಿ. ಆಂಬುಲೆನ್ಸ್ ಬರುವವರೆಗೆ ಮೈಮೇಲೆ ತಣ್ಣೀರು ಸುರಿಯುತ್ತ ಗಾಳಿ ಬೀಸಿ. ಎಚ್ಚರ ಇಲ್ಲದವರ ಬಾಯಿಗೆ ನೀರು ಹಾಕಬೇಡಿ.