ಫ್ರೆಂಚ್ ಚಿತ್ರವೊಂದರ ಹಾಲಿವುಡ್ ರೂಪಾಂತರ

ಮಾರ್ಸೆಲ್ ಕಾರ್ನೆಯ ‘ಲ ಜೂರ್ ಸ ಲೆವ್’ (1939) ಎಂಬ ಹೆಸರಿಗೆ ಬೆಳಗಾಗುತ್ತಿದೆಯೆಂದು ಅರ್ಥ. ಕೊಲೆಗೈದ ಕಾರ್ಮಿಕನೊಬ್ಬನು ಮೇಲಂತಸ್ತಿನ ಕೋಣೆಯಲ್ಲಿ ಅಡಗಿ, ಪೋಲೀಸರು ಸುತ್ತುವರಿದಿರಲು, ಇರುಳೆಲ್ಲ ತನ್ನ ಪೂರ್ವವೃತ್ತವನ್ನು ನೆನೆದು ಮುಂಜಾನೆ ಗುಂಡು ಹೊಡೆದುಕೊಳ್ಳುವನು. ಅನಂತರ, ಅವನನ್ನು ಕೆಲಸಕ್ಕೆ ಎಬ್ಬಿಸುತ್ತಿದ್ದ ಗಡಿಯಾರವು ಹೆಣದ ಬಳಿ ಎಂದಿನಂತೆಯೇ ಮೊಳಗುವುದು.

1947ರಲ್ಲಿ ಅನಾಟೋಲ್ ಲಿಟ್ವಾಕನು ಇದನ್ನೇ ಹಾಲಿವುಡ್ಡಿನಲ್ಲಿ ‘ದಿ ಲಾಂಗ್ ನೈಟ್’ ಎಂದು ಮರಳಿ ರಚಿಸಿದನು. ಕಥಾಸರಣಿಯು ಬಹುಮಟ್ಟಿಗೆ ಅದೇ. ಆದರೆ ಇಲ್ಲಿ ನಾಯಕನು ಪ್ರಿಯೆಯ ಮಾತಿಗೆ ಮಣಿದು ಶರಣಾಗಿ ಬದುಕುವನು. ಬೆಳಗಿನ ಹೆಸರಿನದು ಸಾವಿನಲ್ಲಿಯೂ ಇರುಳಿನ ಹೆಸರಿನದು ಭರವಸೆಯಲ್ಲಿಯೂ ಮುಗಿಯುವುದು ವಿಚಿತ್ರವೇ ಸರಿ! ಇದರಿಂದ ನಾಯಕನ ನೆನಪುಗಳ ಅರ್ಥವೇ ಬೇರೆಯಾಗುತ್ತದೆ: ಮೂಲದಲ್ಲಿ ಅವು ವಿಧಿಯ ಹೆಜ್ಜೆಗಳು, ರೂಪಾಂತರದಲ್ಲಿ, ಕ್ಷಮೆಗೆ ಒದಗುವ ಸಾಕ್ಷ್ಯ. ಹೊಸದಕ್ಕೆ ಎದುರಾಳಿಯಿರಬಾರದೆಂದು ಮೂಲಚಿತ್ರದ ಪ್ರತಿಗಳನ್ನು ಕೊಂಡು ನಾಶಪಡಿಸುವ ಯತ್ನವೂ ನಡೆಯಿತು. ಅದೃಷ್ಟವಶಾತ್ ಕೆಲವು ಉಳಿದುವು.